ಅತ್ತೆ ಕೂರುವ ಎತ್ತರ

ಹಲಸಿನ ಮರವನ್ನು ಹೊಸದಾಗಿ ಕೊಯ್ದಾಗ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಹಣ್ಣಿನ ವಾಸನೆಯಲ್ಲ ಅದು. ಅದಕ್ಕಿಂತ ಒಣಗಿದ್ದು, ತುಸು ಹುಳಿ, ತುಸು ಸಿಹಿ, ಮೂಗಿನಲ್ಲಿ ಬಹಳ ಹೊತ್ತು ಉಳಿಯುವಂಥದು. ಕಳೆದ ವಾರ ಬೆಳಗಿನ ನಡಿಗೆ ಮುಗಿಸಿ ಬರುತ್ತಿದ್ದಾಗ ಕುಮಟಾದ ನಮ್ಮ ಓಣಿಯಲ್ಲಿ ಯಾರದೋ ಹೊಸ ಮನೆಯ ಬಾಗಿಲಿಗೆ ಹಲಗೆ ಕೀಸುತ್ತಿದ್ದರು. ನಾನು ನಡಿಗೆಯ ನಡುವೆ ನಿಲ್ಲುವವಳಲ್ಲ. ನರ್ಸಿಂಗ್ ಹಾಸ್ಟೆಲಿನ ಗಂಟೆ ಕಲಿಸಿದ ಶಿಸ್ತು ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಎದ್ದ ಹೊತ್ತು, ನಡೆದ ಹೊತ್ತು, ಉಂಡ ಹೊತ್ತು ಎಲ್ಲ ಗಡಿಯಾರ ನೋಡಿಯೇ. ಅಂದು ಮಾತ್ರ ನಿಂತೆ. ಹಳದಿ ಹೊಟ್ಟು ಗಾಳಿಗೆ ಹಾರಿ ಬಂದು ಸೀರೆಯ ನೆರಿಗೆಯಲ್ಲಿ ಕೂತಿತು. ಮನೆಗೆ ಬಂದು ಅದನ್ನು ಕೊಡವಲೂ ಮನಸ್ಸಾಗಲಿಲ್ಲ. ಹೊನ್ನಾವರದ ನಮ್ಮ ಮನೆಯ ಜಗಲಿ, ಅಲ್ಲಿ ಬನಿಯನ್ನಿನಲ್ಲಿ ಕೂತು ಹಲಗೆ ಕೀಸುತ್ತಿದ್ದ ಅಪ್ಪ, ಒಳಗಿನಿಂದ ಅವನನ್ನು ಗದರುತ್ತಿದ್ದ ಅತ್ತೆ, ಎಲ್ಲ ಒಟ್ಟಿಗೇ ಬಂದು ನಿಂತಿದ್ದರು.

ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ. ಕ್ರಮವಾಗಿ ಹೇಳದಿದ್ದರೆ ನನಗೇ ಸಮಾಧಾನವಿಲ್ಲ. ಹೆದ್ದಾರಿಗೆ ಮುಖ ಮಾಡಿದ ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ಉದ್ದನೆಯ ಊಟದ ಕೋಣೆ, ಅದರಾಚೆ ಅಡುಗೆಮನೆ, ಹಿಂದೆ ಬಾಳೆ ಮತ್ತು ಬಾವಿ. ಅಪ್ಪ ಬಸ್ಸಿನ ಚಾಲಕ. ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟಾ, ಕುಮಟಾದಿಂದ ತಿರುಗಿ ಭಟ್ಕಳ, ಅವನ ಆಯುಷ್ಯದ ಬಹುಪಾಲು ಈ ರಸ್ತೆಯ ಮೇಲೇ ಕಳೆದುಹೋಯಿತು. ಮನೆಯ ಮುಂದೆ ಹಾದುಹೋಗುವಾಗ ಒಮ್ಮೆ ಹಾರ್ನ್ ಒತ್ತುತ್ತಿದ್ದ. ಕುಮಟಾ ಕಡೆಗೆ ಹೋಗುವ ಹಾರ್ನ್ ಕೇಳಿದರೆ ಅತ್ತೆ ತೆಂಗಿನಕಾಯಿ ಒಡೆಯುತ್ತಿದ್ದಳು. ತಿರುಗಿ ಬರುವ ಹಾರ್ನ್ ಕೇಳಿದರೆ ಅನ್ನ ಬಸಿಯುತ್ತಿದ್ದಳು. ನಮ್ಮ ಮನೆಗೆ ಬೇರೆ ಗಡಿಯಾರ ಬೇಕಿರಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ, ದೇವಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನ ಆಯಿ ತಮ್ಮನನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ನಮ್ಮಿಬ್ಬರನ್ನೂ ಎದೆಗೆತ್ತಿಕೊಂಡು ಸಾಕಿದವಳು ಅವಳೇ. ಊಟದ ಕೋಣೆಯಲ್ಲಿ ನಾವೆಲ್ಲ ಗೋಡೆಗೆ ಬೆನ್ನು ಕೊಟ್ಟು ಮಣೆಗಳ ಮೇಲೆ ಸಾಲಾಗಿ ಕೂರುತ್ತಿದ್ದೆವು. ಹಿತ್ತಿಲಲ್ಲಿ ಬಾಳೆಯಿದ್ದುದರಿಂದ ದಿನವೂ ಎಲೆಯ ಊಟ. ಕೆಂಪು ಗಾರೆ ನೆಲದ ತಂಪು ತೊಡೆಗೆ ತಾಗುತ್ತಿತ್ತು. ಬಿಸಿ ಅನ್ನ ಬಿದ್ದಾಗ ಎಲೆ ಬಾಡಿ ಒಂದು ಹಸಿರು ವಾಸನೆ ಬರುತ್ತಿತ್ತು. ಅದರ ಮೇಲೆ ಅತ್ತೆ ಬಗ್ಗಿ ಬಗ್ಗಿ ಮೀನುಸಾರು ಬಡಿಸುತ್ತ ಹೋಗುತ್ತಿದ್ದಳು. ಎಲೆಯಲ್ಲಿ ಅಗುಳು ಬಿಟ್ಟರೆ ಸೌಟಿನ ಹಿಡಿಯಿಂದ ತಲೆಗೊಂದು ಮೆಲ್ಲಗಿನ ಪೆಟ್ಟು. ಎಲ್ಲರೂ ಎದ್ದ ಮೇಲೆ ಎಲೆ ತೆಗೆದು, ನೆಲಕ್ಕೆ ಸೆಗಣಿ ನೀರು ಹಾಕಿ ಒರಸಿ, ಕೈಕಾಲು ತೊಳೆದು, ಆಮೇಲೆ ಅವಳ ಊಟ. ಅಷ್ಟು ಹೊತ್ತಿಗೆ ನಾವು ಶಾಲೆಗೋ ಆಟಕ್ಕೋ ಹೋಗಿಯಾಗಿರುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು. ಆ ಕಾಲದ ಮನೆಗಳು ನಡೆದದ್ದೇ ಅಂಥವರಿಂದ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪ ನಿವೃತ್ತನಾದ. ನಾನಾಗ ಕುಮಟಾದ ಆಸ್ಪತ್ರೆಯಲ್ಲಿದ್ದೆ. ಶನಿವಾರ ಸಂಜೆ ಮನೆಗೆ ಬಂದು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ತಿರುಗಿ ಹೋಗುತ್ತಿದ್ದೆ. ಹೊಸ ರೈಲು ಹಳಿಯ ಕಡೆಯಿಂದ ಕೂಗು ಕೇಳಿದರೆ ಅಪ್ಪ, "ಇನ್ನು ಬಸ್ಸಿಗೆ ಯಾರು ಬರ್ತ್ರು ಮಾರಾಯ್ತಿ," ಎನ್ನುತ್ತಿದ್ದ. ಸ್ಟಿಯರಿಂಗ್ ಬಿಟ್ಟ ಕೈಗಳಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಆ ಮಳೆಗಾಲದಲ್ಲಿ ಹಿತ್ತಿಲ ಹಲಸಿನ ಮರ ಬಿದ್ದದ್ದು ಅವನ ಅದೃಷ್ಟ. ಮಿಲ್ಲಿಗೆ ಸಾಗಿಸಿ ಹಲಗೆ ಮಾಡಿಸಿದ, ನೆರಳಿನಲ್ಲಿ ಒಣಗಿಸಿದ. ಒಂದು ಗರಗಸ, ಎರಡು ಉಳಿ, ಒಂದು ಕೀಸುಳಿ ಕೊಂಡ. ಭಟ್ಕಳಕ್ಕೆ ಹೋದಾಗ ಬಡಗಿಗಳ ಅಂಗಡಿಯ ಮುಂದೆ ನಿಂತು ಅವರು ಮಾಡುವುದನ್ನು ನೋಡಿಬರುತ್ತಿದ್ದ. ಮೊದಲು ಮಾಡಿದ ಮಣೆ ಒಂದು ಕಡೆ ಎದ್ದು ಕುಣಿಯುತ್ತಿತ್ತು. ತಮ್ಮನ ಹೆಂಡತಿ ಸುಮಿತ್ರಾ ಮಾತಿನಲ್ಲಿ ಚುರುಕು. "ಮಾವ, ಇದ್ರ ಮೇಲೆ ಕೂತ್ರೆ ಉಣ್ಣಲಿಕ್ಕೇ ಪುರಸೊತ್ತಿಲ್ಲ, ಹಿಡ್ಕಂಡು ಕೂರೂದೇ ಆತು," ಎಂದಳು. ಅಪ್ಪ ನಕ್ಕು ಇನ್ನೊಂದಕ್ಕೆ ಹಲಗೆ ಹುಡುಕಿದ.

ಆ ಚಳಿಗಾಲದಲ್ಲಿ ಅತ್ತೆಯ ಮೊಣಕಾಲು ಹೋಯಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಅಡುಗೆ ನಿಂತುಕೊಂಡೇ ಮಾಡುತ್ತಿದ್ದಳು, ಅದು ಹೇಗೋ ನಡೆಯಿತು. ಊಟಕ್ಕೆ ಮಾತ್ರ ನೆಲಕ್ಕೆ ಇಳಿಯಬೇಕಲ್ಲ. ಅವಳು ಅಡುಗೆ ಕಟ್ಟೆಯ ಮೇಲೆ ಬಟ್ಟಲಿಟ್ಟುಕೊಂಡು ನಿಂತೇ ನಾಲ್ಕು ತುತ್ತು ನುಂಗಲು ಶುರುಮಾಡಿದಳು. ನಾಲ್ಕು ತುತ್ತು ಎರಡಾಯಿತು. ಕೆಲವು ದಿನ ಅದೂ ಇಲ್ಲ. ಒಂದು ಭಾನುವಾರ ಅವಳ ಬೆನ್ನು ಉಜ್ಜುವಾಗ ನನ್ನ ಕೈಗೆ ಬರೀ ಎಲುಬು ತಾಗಿತು. ನರ್ಸಿನ ಕೈಗೆ ಅದು ಏನೆಂದು ಯಾರೂ ಹೇಳಬೇಕಾಗಿಲ್ಲ. ಹೀಗೇ ಬಿಟ್ಟರೆ ಮುಂದಿನ ಮಳೆಗಾಲ ಕಾಣುವುದಿಲ್ಲ ಎಂದು ಜಗಲಿಯಲ್ಲಿ ಅಪ್ಪನಿಗೆ ಹೇಳಿದೆ. ಅವನು ಕೀಸುಳಿ ಕೆಳಗಿಟ್ಟು, "ಕುರ್ಚಿ ಮಾಡ್ತೆ," ಎಂದ.

ಮಾಡಿದ. ಆದರೆ ಮನುಷ್ಯ ಕೂರುವುದೆಂದರೆ ಅಪ್ಪನಿಗೆ ಗೊತ್ತಿದ್ದದ್ದು ಬಸ್ಸಿನ ಸೀಟು ಒಂದೇ. ಡಿಪೋಗೆ ಹೋಗಿ ಹಳೆಯ ಗೆಳೆಯರ ಎದುರು ಗೇಣಿನಿಂದ ಸೀಟು ಅಳೆದು ಬಂದ. ಅದೇ ಎತ್ತರ, ಅದೇ ಹಿಂದಕ್ಕೆ ವಾಲಿದ ಬೆನ್ನು, ಮುಂದೆ ಹಿಡಿದುಕೊಳ್ಳಲು ಅಡ್ಡ ಗೂಟ ಕೂಡ. ಅತ್ತೆ ಅದಕ್ಕೆ ಒಂದು ಸುತ್ತು ಬಂದು ನೋಡಿ, "ಟಿಕೀಟು ಯಾರು ಕೊಡ್ತ್ರೋ ಮಾದೇವಾ?" ಎಂದು ಅಪ್ಪನನ್ನು ಕೇಳಿದಳು. ಸುಮಿತ್ರಾ ಒಳಗಿನಿಂದಲೇ, "ಕರ್ಕಿ, ಹಳದೀಪುರ, ಕುಮಟಾ! ಹತ್ತೂವ್ರೆಲ್ಲ ಹತ್ತಿ!" ಎಂದು ಕಂಡಕ್ಟರನ ಹಾಗೆ ಕೂಗಿದಳು. ಅತ್ತೆ ಕೂತಳು, ಗೂಟ ಹಿಡಿದು ತಾನೇ ಎದ್ದಳು. ನಮಗೆಲ್ಲ ಸಂತೋಷ. ಆದರೆ ಒಬ್ಬಳೇ ಬಿಟ್ಟರೆ ಉಣ್ಣುವುದಿಲ್ಲವೆಂದು ಅದನ್ನು ಊಟದ ಕೋಣೆಗೆ ತಂದು ನಮ್ಮ ಸಾಲಿನ ಪಕ್ಕ ಇಟ್ಟ ತಕ್ಷಣ ಅವಳ ಮುಖ ಬದಲಾಯಿತು.

"ಉಣ್ಣೂವ್ರ ಎಲೆಗೆ ಕಾಲು ತೋರಿಸ್ಕಂಡು ನಾ ಮೇಲೆ ಕೂರೂದಾ? ಆಗೂದಿಲ್ಲ."

"ಅಕ್ಕಾ, ಮೊಣಕಾಲು ನೋವು ಹೇಳಿ ಎಲ್ಲರಿಗೂ ಗೊತ್ತಿದ್ದು..."

"ಅನ್ನಕ್ಕೆ ಗೊತ್ತಿರ್ತದಾ?"

ಬೈಗುಳವನ್ನಾದರೂ ತಿರುಗಿಸಬಹುದಿತ್ತು, ಅನ್ನದ ಎದುರು ಏನು ಹೇಳುವುದು? ಕುರ್ಚಿ ಜಗಲಿಗೆ ಹೋಯಿತು. ಅತ್ತೆ ಅಡುಗೆ ಕಟ್ಟೆಗೆ ಮರಳಿದಳು.

ಮುಂದಿನ ವಾರ ಬಂದಾಗ ಅಪ್ಪ ಉಳಿಯನ್ನೂ ಹಿಡಿಯದೆ, ಒಂದು ಹಲಗೆಯನ್ನೂ ಮುಟ್ಟದೆ ಜಗಲಿಯಲ್ಲಿ ಕೂತಿದ್ದ. ನನ್ನನ್ನು ಕಂಡವನೇ ಎದ್ದು, "ಶಾರದಾ, ಅವ್ಳಿಗೆ ಇಳೀಲಿಕ್ಕೆ ಆಗದಿದ್ರೆ ನಾವು ಹತ್ತೂದು," ಎಂದ. ವಾರವಿಡೀ ಅವನು ಮಾಡಿದ್ದು ಈ ಯೋಚನೆ. ಅತ್ತೆಯನ್ನು ಮೇಲೆ ಕೂರಿಸುವುದಲ್ಲ, ಸಾಲನ್ನೇ ಎತ್ತುವುದು. ಎಲ್ಲರಿಗೂ ಒಂದೇ ಎತ್ತರದ ಉದ್ದ ಬೆಂಚು, ಮುಂದೆ ಎಲೆ ಹಾಕಲು ಉದ್ದ ಮೇಜು. ಆಗ ಯಾರ ಕಾಲೂ ಯಾರ ಎಲೆಗೂ ತೋರುವುದಿಲ್ಲ.

ಆದರೆ ಎಷ್ಟು ಎತ್ತರ? ಇದಕ್ಕೆ ಬಸ್ಸಿನ ಲೆಕ್ಕ ನಡೆಯದು, ಅವಳ ಮೊಣಕಾಲನ್ನೇ ಕೇಳಬೇಕು ಎಂದೆ. ಮನೆಯಲ್ಲಿದ್ದ ಮಣೆಗಳನ್ನೆಲ್ಲ ತಂದು ಮೊದಲು ಕೆಲವನ್ನು ಒಂದರ ಮೇಲೊಂದು ಪೇರಿಸಿದೆವು. ನಾನು ಎದುರು ನಿಂತೆ, ಮುಟ್ಟದೆ, ಬಿದ್ದರೆ ಹಿಡಿಯುವಷ್ಟು ಹತ್ತಿರ. ಅತ್ತೆ ಕೂತು ಏಳಲು ನೋಡಿದಳು, ಆಗಲಿಲ್ಲ. ಎತ್ತಿ ನಿಲ್ಲಿಸಿ ಇನ್ನೊಂದು ಮಣೆ ಇಟ್ಟೆವು. ಮತ್ತೆ ಇಲ್ಲ. "ನನ್ನ ಎಂತ ದೇವ್ರು ಮಾಡಿ ಪೀಠದ ಮೇಲೆ ಇಡ್ತ್ರಾ?" ಎಂದು ಗೊಣಗಿದಳು, ಕೆನ್ನೆ ಬೆವರಿತ್ತು. ಇನ್ನೊಂದು ಇಟ್ಟೆವು. ಈ ಸಲ ತನ್ನ ತೊಡೆಗೇ ಕೈಯೂರಿ, ಉಸಿರು ಬಿಗಿಹಿಡಿದು, ತಾನೇ ಎದ್ದು ನಿಂತಳು. "ಆತು! ಆತು!" ಎಂದು ಅಪ್ಪ ಕೂಗಿದ. ಓಡಿಹೋಗಿ ಒಂದು ಕೋಲು ತಂದು ಆ ಎತ್ತರಕ್ಕೆ ಕಚ್ಚು ಹಾಕಿದ. ಕುರ್ಚಿಗಿಂತ ಕಡಿಮೆ, ಮಣೆಗಿಂತ ಬಹಳ ಹೆಚ್ಚು. ಯಾವ ಅಂಗಡಿಯಲ್ಲೂ ಸಿಗದ ಎತ್ತರ ಅದು.

ಬೆಂಚು ಆಗುವ ಹೊತ್ತಿಗೆ ಅತ್ತೆ ಇನ್ನೊಂದು ತಕರಾರು ತೆಗೆದಳು. "ನೆಲಕ್ಕಾದ್ರೆ ಸೆಗಣಿ ನೀರು ಹಾಕಿ ಒರಸ್ತೆ. ಮೇಜಿಂದು ಎಂಜಲು ಹೋಗೂದು ಹೆಂಗೆ? ಬಟ್ಟೆಲಿ ಒರಸೂದಂದ್ರೆ ಇಲ್ಲಿದ್ದದ್ದು ಅಲ್ಲಿಗೆ ಹಚ್ಚೂದು, ಅಷ್ಟೇ." ಆಸ್ಪತ್ರೆಯಲ್ಲಿ ದುಡಿದವಳಾಗಿ ನಾನು ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ನೀರು ಹೊಯ್ದರೆ ಎಂಜಲೆಲ್ಲ ಹರಿದು ಹೋಗಬೇಕು, ಅದು ಅವಳ ಷರತ್ತು. "ಹರ್ದು ಹೋಗೂ ಹಾಂಗೇ ಮಾಡ್ತೆ, ನೀ ಸುಮ್ನಿರು," ಎಂದ ಅಪ್ಪ. ಹಿತ್ತಿಲ ಬಾಗಿಲ ಕಡೆಯ ಕಾಲುಗಳನ್ನು ಕೊಂಚ ಗಿಡ್ಡ ಮಾಡಿ ಮೇಜಿಗೆ ಇಳಿಜಾರು ಕೊಟ್ಟ. ಹಲಗೆಗಳ ಸಂದಿಗೆ ಮೇಣ ತುಂಬಿದ. ತುದಿಯಲ್ಲಿ ಬಕೆಟ್ಟು. ಪರೀಕ್ಷೆಗೆ ಒಂದು ಚೊಂಬು ನೀರು ಹೊಯ್ದಾಗ ಒಂದು ಹನಿಯೂ ನಿಲ್ಲದೆ ಬಕೆಟ್ಟಿಗೆ ಬಿತ್ತು. ಅತ್ತೆ ಹಲಗೆಯ ಮೇಲೆ ಬೆರಳೆಳೆದು ನೋಡಿ ತಲೆಯಾಡಿಸಿದಳು. ಅಪ್ಪನ ಎದೆ ಉಬ್ಬಿತು.

ಆ ಭಾನುವಾರ ಎಲ್ಲರೂ ಬೆಂಚಿನ ಮೇಲೆ ಸಾಲಾಗಿ ಕೂತೆವು. ಎತ್ತರದ ತುದಿಯಲ್ಲಿ ಅತ್ತೆ, ಪಕ್ಕದಲ್ಲಿ ನಾನು, ಆಮೇಲೆ ತಮ್ಮ, ತಗ್ಗಿನ ತುದಿಯಲ್ಲಿ ಅಪ್ಪ. ಎಲೆ ಹಾಕಿ ಅನ್ನ ಬಡಿಸಿ ಸುಮಿತ್ರಾ ಸಾರು ಹೊಯ್ದಳು. ಅತ್ತೆಯ ಸಾರು ಅನ್ನ ದಾಟಿ, ಎಲೆ ದಾಟಿ ನನ್ನ ಕಡೆಗೆ ಹೊರಟಿತು. ನನ್ನದು ತಮ್ಮನ ಎಲೆಗೆ. ತಮ್ಮ ಗಡಿಬಿಡಿಯಲ್ಲಿ ಅನ್ನದ ಒಡ್ಡು ಕಟ್ಟಿದ. ಒಡ್ಡು ಒಡೆದು ಮೂವರ ಸಾರೂ ಕೂಡಿಕೊಂಡು ಅಪ್ಪನ ಎಲೆಗೆ, ಅಲ್ಲಿಂದ ಅವನ ಪಂಚೆಗೆ. ಎಂಜಲು ಹೋಗುವ ದಾರಿಯಲ್ಲಿ ಊಟವೂ ಹೋಗುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಪ್ಪ ಎರಡೂ ಕೈ ಮೇಲೆತ್ತಿ ಹಾಗೇ ಕೂತುಬಿಟ್ಟ. ನಾನು ಹೆದರಿ ಅತ್ತೆಯ ಮುಖ ನೋಡಿದೆ. ಇನ್ನು ಇವಳು ಈ ಕೋಣೆಗೆ ಬರುವುದಿಲ್ಲ ಎಂದುಕೊಂಡೆ.

"ಮಾದೇವಾ, ಘಟ್ಟ ಇಳೀತಾ ಇದ್ಯಲ್ಲೋ," ಎಂದಳು ಅತ್ತೆ, "ಬ್ರೇಕ್ ಹಾಕಾ!"

ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು ಅಂದೇ. ಹೊಟ್ಟೆ ಹಿಡಿದುಕೊಂಡು, ಕಣ್ಣೊರಸಿಕೊಂಡು ನಕ್ಕಳು. ಅಪ್ಪನಿಗೆ ಬ್ರೇಕಿನ ಮಾತೇ ದಾರಿ ತೋರಿಸಿತು. ಘಟ್ಟದಲ್ಲಿ ಬಸ್ಸು ನಿಲ್ಲಿಸಿದಾಗ ಚಕ್ರಕ್ಕೆ ಅಡ್ಡ ಇಡುವಂತೆ, ಹಲಸಿನದೇ ಎರಡು ಬೆಣೆ ಕೆತ್ತಿ ಗಿಡ್ಡ ಕಾಲುಗಳ ಅಡಿಗೆ ತುರುಕಿದ. ಮೇಜು ಸಮವಾಯಿತು. ಊಟಕ್ಕೆ ಬೆಣೆ ಹಾಕುವುದು, ಉಂಡ ಮೇಲೆ ಬೆಣೆ ತೆಗೆದು ನೀರು ಹೊಯ್ಯುವುದು. ಮುಂದೆ ಆ ಮನೆ ಇರುವವರೆಗೂ ಇದೇ ಕ್ರಮ ನಡೆಯಿತು.

ಅತ್ತೆ ಆಮೇಲೂ ಹಲವು ಮಳೆಗಾಲ ಕಂಡಳು. ಮೈ ತುಂಬಿಕೊಂಡಳು. ತಮ್ಮನ ಮಗಳು ಹುಟ್ಟಿ, ಅದೇ ಬೆಂಚಿನ ಮೇಲೆ ಅತ್ತೆಯ ತೊಡೆಗೆ ಆತುಕೊಂಡು ಕೂತು ಮೊದಲ ಅನ್ನ ಉಂಡಳು. ಆಮೇಲೆ ಒಂದು ಆಷಾಢದಲ್ಲಿ ಅತ್ತೆ, ಎರಡು ವರ್ಷ ಬಿಟ್ಟು ಅಪ್ಪ. ಹೆದ್ದಾರಿ ಅಗಲವಾಗುವಾಗ ಮನೆ ಹೋಯಿತು. ಈಗ ನಾನು ಭಟ್ಕಳ ಕಡೆಗೆ ಬಸ್ಸಿನಲ್ಲಿ ಹೋಗುವಾಗ ನಮ್ಮ ಊಟದ ಕೋಣೆ ಇದ್ದದ್ದು ಎಲ್ಲೆಂದು ಗುರುತು ಹಿಡಿಯಲು ನೋಡುತ್ತೇನೆ. ಡಾಂಬರಿಗೆ ಗುರುತಿಲ್ಲ. ಬಸ್ಸು ನಿಲ್ಲುವುದೂ ಇಲ್ಲ. ದುಃಖವೇ ಅಂದರೆ ಪೂರ್ತಿ ಹಾಗಲ್ಲ. ನಾನು ಅಲ್ಲಿಂದ ತಂದುಕೊಂಡದ್ದು ಬಹಳವಿದೆ.

ಅದರಲ್ಲಿ ಒಂದನ್ನು ಹೇಳಿ ಮುಗಿಸುತ್ತೇನೆ. ಬೆಣೆ ಹಾಕಿದ ದಿನವೇ, ಉಳಿದ ಸಾರು ಕುದಿಸಿ ಮತ್ತೆ ಎಲೆ ಹಾಕಿದೆವು. ಸುಮಿತ್ರಾ ಬಡಿಸಲು ನಿಂತಾಗ ಅತ್ತೆ, "ನೀ ಎಂತಕ್ಕೆ ನಿಂತೆ, ನಿನ್ನ ಎಲೆ ಎಲ್ಲಿ?" ಎಂದಳು. ಪಾತ್ರೆಗಳನ್ನು ಮೇಜಿನ ನಡುವೆ ಇಡಿಸಿ ಅವಳನ್ನೂ ಸಾಲಿನಲ್ಲಿ ಕೂರಿಸಿದಳು. ಆಗ ನನಗೆ ಹೊಳೆಯಿತು, ಅತ್ತೆ ಉಣ್ಣುವುದನ್ನು ನಾನು ಬಾಲ್ಯದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ನಲವತ್ತರ ಹತ್ತಿರ ಬಂದ ಮೇಲೆ, ಪಕ್ಕದಲ್ಲಿ ಕೂತು ಮೊದಲ ಸಲ ಕಂಡೆ. ಅನ್ನವನ್ನು ಚಿಕ್ಕ ಚಿಕ್ಕ ಪಾಲು ಮಾಡಿಕೊಂಡಳು. ಒಂದು ಪಾಲಿಗೆ ಮಾತ್ರ ಸಾರು ಕಲಸಿದಳು. ಬಾಯಿಗಿಟ್ಟವಳು ತಟ್ಟನೆ ಕೈ ತಡೆದು ಬೆರಳುಗಳನ್ನು ನೋಡಿಕೊಂಡಳು. ಐವತ್ತು ವರ್ಷ ಆ ಸಾರು ಮಾಡಿದವಳು, ಪ್ರತಿ ದಿನ ಎಲ್ಲರ ನಂತರ ಅದನ್ನು ಉಂಡವಳು, ನನ್ನ ಕಡೆಗೆ ತಿರುಗಿ ಮೆಲ್ಲಗೆ ಕೇಳಿದಳು:

"ಶಾರೂ, ಬಿಸಿ ಇದ್ದಾಗ ಹಿಂಗೆ ಇರ್ತದಾ ಇದು?"