ಚಿಕ್ಕಮ್ಮ ಕಂಪ್ಯೂಟರ್ ಕಲಿತ ವರ್ಷ

ಚಾಮರಾಜಪೇಟೆಯ ನಮ್ಮ ವಾಚನಾಲಯದ ಮಹಡಿಯಲ್ಲಿ ಹಿರಿಯರಿಗೆಂದು ಭಾನುವಾರದ ಕಂಪ್ಯೂಟರ್ ತರಗತಿ ಶುರುವಾದಾಗ ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನವೇ ನನ್ನ ಚಿಕ್ಕಮ್ಮ ಬಂದು ಮುಂದಿನ ಸಾಲಿನಲ್ಲಿ ಕೂತರು. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಚಿಕ್ಕಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಕೀಲಿಮಣೆಯ ಮೇಲೆ ಬೆರಳು ತಾನಾಗಿ ಓಡುತ್ತಿತ್ತು, ಮೌಸ್ ಹಿಡಿದರೆ ಮಾತ್ರ ಪರದೆಯ ಮೇಲಿನ ಬಾಣ ಎಲ್ಲೆಲ್ಲೋ ಓಡುತ್ತಿತ್ತು.

ಅವರ ಪಕ್ಕ ಕೂರುತ್ತಿದ್ದವರು ಕಲಾಸಿಪಾಳ್ಯದ ಗ್ಯಾರೇಜೊಂದರಲ್ಲಿ ಬಸ್ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇದ್ದರು. ಅವರಿಗೆ ಪರದೆಗಿಂತ ಪೆಟ್ಟಿಗೆಯೊಳಗೆ ಏನಿದೆ ಅನ್ನುವುದೇ ಕುತೂಹಲ. ಅವರ ಒತ್ತಾಯಕ್ಕೆ ಹಳೆಯ ಕಂಪ್ಯೂಟರೊಂದನ್ನು ಬಿಚ್ಚಿ ತೋರಿಸಿದೆ. ಲೆಕ್ಕ ಮಾಡುವ ಚಿಪ್ ಇದು, ಕೆಲಸ ನಡೆಯುವಷ್ಟು ಹೊತ್ತು ಮಾತ್ರ ನೆನಪಿಟ್ಟುಕೊಳ್ಳುವ ಮೆಮೊರಿ ಇದು, ಕರೆಂಟ್ ಹೋದರೂ ಮರೆಯದ ಡಿಸ್ಕ್ ಇದು ಎಂದೆ. ಅಡುಗೆ ಕಟ್ಟೆ, ಉಗ್ರಾಣ ಇದ್ದ ಹಾಗೆ ಅಂದರು ಚಿಕ್ಕಮ್ಮ.

ಮುಂದಿನ ವಾರ ಪಾಠದ ನಡುವೆ ಕರೆಂಟ್ ಹೋಯಿತು. ಚಿಕ್ಕಮ್ಮ ಟೈಪ್ ಮಾಡಿದ್ದೆಲ್ಲ ಮಾಯ. ಮುಖ ಸಪ್ಪಗಾಯಿತು.

"ಮತ್ತೆ ಹೊಡೀರಿ ಮೇಡಂ. ನಾನು ಓದಿ ಹೇಳ್ತೀನಿ. ಸೇವ್ ಮಾಡೋದೂ ನಾನೇ ನೆನಪಿಸ್ತೀನಿ," ಎಂದರು ಮೆಕ್ಯಾನಿಕ್.

ಅಂದಿನಿಂದ ಅವರು ಓದುವುದು, ಇವರು ಟೈಪ್ ಮಾಡುವುದು ರೂಢಿಯಾಯಿತು. ತರಗತಿ ಮುಗಿಸಿ ಇಬ್ಬರೂ ಕಾಫಿಗೆ ಹೋಗುತ್ತಿದ್ದರು. ಪಾಠದ ಮಾತೇ ಮುಂದುವರಿದಿದೆ ಎಂದುಕೊಂಡು ನಾನು ಹೆಮ್ಮೆಪಡುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಚಿಕ್ಕಮ್ಮ ಪರದೆ ತೋರಿಸಿ ಕಾಗುಣಿತ ನೋಡಲು ಹೇಳಿದರು. ಅದೊಂದು ಮದುವೆಯ ಆಮಂತ್ರಣ. ವಧುವಿನ ಹೆಸರು ಅವರದೇ. ವರ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಮೆಕ್ಯಾನಿಕ್. ಮೊದಲಿನಿಂದ ಇನ್ನೊಮ್ಮೆ ಓದಿದೆ.

"ತಪ್ಪಿದ್ಯೇನೇ?" ಎಂದರು ಚಿಕ್ಕಮ್ಮ.

"ಒಂದೂ ಇಲ್ಲ, ಚಿಕ್ಕಮ್ಮ," ಎಂದು ಅವರ ಕೈ ಹಿಡಿದುಕೊಂಡೆ. ನನ್ನ ಕಣ್ಣು ತುಂಬಿತ್ತು.

ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ಮಲ್ಲೇಶ್ವರದ ಅತ್ತೆ ಮೂಗು ಮುರಿದರು. ಆದರೂ ಮದುವೆಗೆ ಎಲ್ಲರಿಗಿಂತ ಮೊದಲು ಬಂದು, ಒಬ್ಬಟ್ಟಿಗೆ ಧಾರಾಳವಾಗಿ ತುಪ್ಪ ಬಡಿಸಿದವರೂ ಅವರೇ. ನೋಂದಣಿಯ ಅರ್ಜಿಯನ್ನು ವಧೂವರರು ತಾವೇ ಆನ್‌ಲೈನಿನಲ್ಲಿ ತುಂಬಿದ್ದರು, ನನ್ನನ್ನೂ ಕೇಳಿರಲಿಲ್ಲ.

ಈಗ ಪಿಂಚಣಿ, ಆಧಾರ್, ಕರೆಂಟ್ ಬಿಲ್ ಎಂದು ಅಲೆದು ಸುಸ್ತಾದ ನೆರೆಹೊರೆಯ ಹಿರಿಯರೆಲ್ಲ ಇವರ ಮನೆಗೇ ಬರುತ್ತಾರೆ. ಮೊನ್ನೆ ನಾನು ಹೋದಾಗ ಜಗಲಿಯ ತುಂಬ ಜನ. ಹೊಸ ಚಿಕ್ಕಪ್ಪ ನನಗೂ ಒಂದು ಕುರ್ಚಿ ಹಾಕಿ, ಸರದಿ ಬರುವತನಕ ಕಾಯಲು ಹೇಳಿದರು.