ಯೇಸಪ್ಪ ಕಾಕಾ ಹಿಂದಿನ ಸಾಲಿಗೆ ಹೋದ ದಿನ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ನನ್ನ ಫೋನು ಒಮ್ಮೆ ಟಣ್ ಎನ್ನುತ್ತದೆ. ಕಲಬುರಗಿಯ ದೊಡ್ಡ ಚರ್ಚೊಂದರ ಆರಾಧನೆಯ ಲಿಂಕು ಅದು. ಲಾಕ್‌ಡೌನಿನಲ್ಲಿ ಶುರುವಾದದ್ದು ಇನ್ನೂ ನಿಂತಿಲ್ಲ. ಈಚೆಗೆ ಒಂದು ಭಾನುವಾರ, ಮೊಣಕಾಲು ನೋವೆಂಬ ನೆಪ ಹೇಳಿ ಮನೆಯಲ್ಲೇ ಉಳಿದೆ. ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟು, ರೊಟ್ಟಿ ಬಡಿಯುತ್ತ ಪ್ರಸಂಗ ಕೇಳುತ್ತಿದ್ದೆ. ಪ್ರಾರ್ಥನೆ ಬಂತು. ಎಷ್ಟಾದರೂ ಕ್ರೈಸ್ತಳಲ್ಲವೇ, ಕಣ್ಣು ಮುಚ್ಚಿದೆ. ಆ ಬೋಧಕರ ಪ್ರಾರ್ಥನೆ ಸ್ವಲ್ಪ ಉದ್ದ. ನಾನು ಕಣ್ಣು ತೆರೆಯುವಷ್ಟರಲ್ಲಿ ಅಡುಗೆಮನೆಯ ತುಂಬ ಹೊಗೆ, ಹೆಂಚಿನ ಮೇಲೆ ರೊಟ್ಟಿ ಇದ್ದಿಲು.

ನೀವು ನಗಬಹುದು. ನಾನೂ ನಕ್ಕೆ. ಆದರೆ ಆ ಸುಟ್ಟ ಜೋಳದ ವಾಸನೆಯಲ್ಲಿ ಒಬ್ಬರ ಮಾತು ಸ್ಪಷ್ಟವಾಗಿ ಕೇಳಿಸಿತು: “ಕಣ್ಣ ಮುಚ್ಚೂಕಿಂತ ಮೊದ್ಲ ಒಲಿ ಆರಿಸ್ಬೇಕ್ರಿ ಬಾಯಿ. ದೇವರ ಕಾಯ್ತಾನ, ರೊಟ್ಟಿ ಕಾಯಂಗಿಲ್ಲ.”

ಇದನ್ನು ಹೇಳಿದವರು ಯೇಸಪ್ಪ ಕಾಕಾ. ಹೇಳಿದ್ದು ಗೊಬ್ಬೂರದಲ್ಲಿ, ನನಗೆ ಇಪ್ಪತ್ತನಾಲ್ಕು ವರ್ಷವಿದ್ದಾಗ. ನಾನು ಆ ಊರಿನ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಹೋಗಿದ್ದೆ, ಊರಿಗೆಲ್ಲ ನರ್ಸಮ್ಮನೆಂದರೆ ‘ಬಾಯಿ’. ರೊಟ್ಟಿ ಮಾಡಲು ಬರುತ್ತಿರಲಿಲ್ಲ. ಸೂಜಿ ಚುಚ್ಚಲು ಮಾತ್ರ ಬರುತ್ತಿತ್ತು, ಅದನ್ನು ಚುಚ್ಚಿಸಿಕೊಳ್ಳಲು ಯಾರೂ ಬರುತ್ತಿರಲಿಲ್ಲ. ಊರಿನ ಎಂಟು ಕ್ರೈಸ್ತ ಮನೆಗಳಿಗೆ ಒಂದು ಚಿಕ್ಕ ಕಲ್ಲಿನ ಚರ್ಚಿತ್ತು. ಅದರ ಕೀಲಿ ಇರುತ್ತಿದ್ದುದು ಯೇಸಪ್ಪ ಕಾಕಾನ ಸೊಂಟದಲ್ಲಿ. ಅಂಗಳದ ಬೇವಿನ ಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ತುಂಡೇ ಗಂಟೆ. ವಾರವಿಡೀ ಕೂಲಿಗೆ ಹೋಗುತ್ತಿದ್ದ ಅವರು ಭಾನುವಾರ ಬಿಳಿ ಧೋತರ ಉಟ್ಟು ಗಂಟೆ ಬಾರಿಸಿ, ಏಕತಾರಿ ಹಿಡಿದು ಮುಂದಿನ ಚಾಪೆಯ ಮೇಲೆ ಕೂರುತ್ತಿದ್ದರು. ಅಕ್ಷರ ಬರುತ್ತಿರಲಿಲ್ಲ. ತಂದೆಯಿಂದ ಕೇಳಿ ಕಲಿತ ಹಾಡುಗಳು, ಅವರ ಮಾತಿನಲ್ಲಿ ಪದಗಳು, ಮೂವತ್ತೋ ನಲವತ್ತೋ ಅವರ ಹೊಟ್ಟೆಯಲ್ಲಿದ್ದವು. ಕಟ್ಟಿದವರು ಯಾರೋ ಅವರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ನಾನು ಪೋಲಿಯೊ ಹನಿಯ ಪೆಟ್ಟಿಗೆ ಹಿಡಿದು ಚರ್ಚಿನ ಹೊರಗೆ ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದೆ. ಊರಿನಲ್ಲಿ ಒಬ್ಬ ತಾಯಿಯೂ ಬಾಗಿಲು ತೆರೆದಿರಲಿಲ್ಲ. ಆರಾಧನೆ ಮುಗಿದದ್ದೇ ಕಾಕಾ ಏಕತಾರಿ ಮೀಟುತ್ತ ಓಣಿಗೆ ಇಳಿದರು. ಪ್ರತಿ ಮನೆಯ ಮುಂದೆ ನಿಂತು, “ನಮ್ಮ ಯೇಸುಸ್ವಾಮಿ ಕುರುಡರಿಗಿ ಕಣ್ಣ ಕೊಟ್ಟಾನ, ಕುಂಟರಿಗಿ ಕಾಲ ಕೊಟ್ಟಾನ. ಈ ಬಾಯಿ ಅಷ್ಟೆಲ್ಲ ಮಾಡಂಗಿಲ್ಲ ಯವ್ವಾ, ಎರಡ ಹನಿ ಹಾಕ್ತಾಳ. ಕೂಸಿನ ಬಾಯಿ ತೆರಿರಿ,” ಎಂದರು. ಅಂದು ಸಂಜೆಗೆ ಪೆಟ್ಟಿಗೆ ಖಾಲಿ.

ಹೀಗೆ ನನಗೆ ಊರು ಕೊಟ್ಟ ಮನುಷ್ಯನನ್ನು, ಮುಂದೆ ನಾನೇ ಹಿಂದಿನ ಸಾಲಿಗೆ ಕಳಿಸಿದೆ. ಹೇಳಬೇಕೆಂದಿದ್ದದ್ದು ಇದು. ಇಷ್ಟು ಹೊತ್ತು ರೊಟ್ಟಿ, ಪೋಲಿಯೊ ಎಂದು ಸುತ್ತಿ ಬಳಸಿ ಬಂದದ್ದು ಅದಕ್ಕೇ.

ನಾನು ಅಫಜಲಪುರಕ್ಕೆ ವರ್ಗವಾಗಿ, ಮದುವೆಯಾಗಿ, ಅಲ್ಲಿಯೇ ನೆಲೆಸಿದೆ. ಅಫಜಲಪುರದ ಚರ್ಚಿನ ಸಭೆಗೂ ಗೊಬ್ಬೂರದ ಸಭೆಗೂ ಒಂದೇ ಕಮಿಟಿ. ನೀಟಾಗಿ ಬರೆಯುತ್ತಾಳೆಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಅಧಿಕಾರ ಸಣ್ಣದಾದಷ್ಟೂ ತಲೆಗೆ ಬೇಗ ಏರುತ್ತದೆ. ಕಲಬುರಗಿಯ ಚರ್ಚುಗಳಲ್ಲಿ ಕೀಬೋರ್ಡು, ಡ್ರಮ್ಮು, ಗೋಡೆಯ ಮೇಲೆ ಹಾಡಿನ ಸಾಲು ಮೂಡಿಸುವ ಪ್ರೊಜೆಕ್ಟರು ನೋಡಿ ಬಂದಿದ್ದೆ. ನಮ್ಮ ಹುಡುಗರು ಬೇಸತ್ತು ಬೇರೆ ಕಡೆ ಹೋಗುತ್ತಾರೆಂಬ ಭಯವೂ ಇತ್ತು, ಅದು ಸುಳ್ಳಲ್ಲ. ಓಡಾಡಿ ಎರಡೂ ಸಭೆಗಳಿಗೆ ಕೀಬೋರ್ಡು ತರಿಸಿದೆ. ಗೊಬ್ಬೂರದಲ್ಲಿ ಅದನ್ನು ಇಡಲು ಜಾಗ ಬೇಕಿತ್ತು. ಇದ್ದದ್ದು ಮುಂದಿನ ಚಾಪೆಯ ಜಾಗ.

“ಕಾಕಾ, ಇನ್ನ ಮ್ಯಾಲ ಹಾಡು ಈ ಪೆಟಿಗಿ ಮ್ಯಾಲ ಆಗ್ತಾವ. ನೀವು ಆರಾಮ ಹಿಂದ ಕುಂಡ್ರಿ,” ಎಂದೆ. ದನಿಯಲ್ಲಿ ಗೌರವವಿತ್ತು. ಗೌರವದಿಂದಲೇ ಎಷ್ಟೋ ಕ್ರೌರ್ಯ ಮಾಡಬಹುದು.

ಕಾಕಾ ಎದ್ದು ನಿಂತರು. “ಛಲೋ ಆತ್ರಿ ಬಾಯಿ. ಹುಡುಗ್ರು ಹಾಡ್ಲಿ,” ಎಂದು ಚಾಪೆ ಮಡಚಿ, ಏಕತಾರಿಯನ್ನು ಬಗಲಲ್ಲಿಟ್ಟುಕೊಂಡು ಬಾಗಿಲ ಬಳಿಯ ಕೊನೆಯ ಸಾಲಿಗೆ ಹೋದರು. ಮುಂದಿನ ವಾರದಿಂದ ಅದನ್ನು ತರಲೇ ಇಲ್ಲ. ಗಂಟೆ ಬಾರಿಸುವುದನ್ನು ಮಾತ್ರ ಬಿಡಲಿಲ್ಲ.

ಹುಡುಗರು ಉಳಿದರೇ ಎಂದು ನೀವು ಕೇಳುತ್ತೀರಿ. ಉಳಿಯಲಿಲ್ಲ. ಅಫಜಲಪುರದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮಾಳಿಗೆಯ ಮೇಲೆ ಹೊಸದೊಂದು ಸಭೆ ಶುರುವಾಯಿತು. ಶೀಟಿನ ಮಾಡು, ಪ್ಲಾಸ್ಟಿಕ್ ಕುರ್ಚಿ, ಎದೆ ನಡುಗಿಸುವ ಸ್ಪೀಕರ್. ಅಲ್ಲಿ ಜನ ಕೈಯೆತ್ತಿ ಅಳುತ್ತಾರೆ, ಕುಣಿಯುತ್ತಾರೆ, ತಮ್ಮ ತಮ್ಮ ಕಷ್ಟವನ್ನು ಮೈಕಿನಲ್ಲಿ ಹೇಳಿಕೊಳ್ಳುತ್ತಾರೆ. ನಮ್ಮ ಹರೆಯದವರು ಒಬ್ಬೊಬ್ಬರಾಗಿ ಅತ್ತ ನಡೆದರು. ಕಾಕಾನ ಮೊಮ್ಮಗಳು ರೋಶನಿಯೂ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಾನು ಆಕೆಯನ್ನು ತಡೆದು ಕೇಳಿದೆ.

“ಯಾಕ ಬೇ, ನಿಮ್ಮಜ್ಜ ಗಂಟಿ ಬಾರಿಸೂ ಗುಡಿ ಬಿಟ್ಟು ಅಂಗಡಿ ಮ್ಯಾಲ ಏನ್ ಸಿಗ್ತದ ನಿನಗ?”

“ಅಲ್ಲಿ ನಾ ಒಂದ ವಾರ ಹೋಗಲಿಲ್ಲಂದ್ರ ಯಾಕ ಬಂದಿಲ್ಲಂತ ಕೇಳ್ತಾರ್ರಿ ಆಂಟಿ. ನಮ್ಮಲ್ಲಿ ಯಾರ್ ಕೇಳ್ತಾರ?”

ಮನೆಗೆ ಬಂದು, ಈಗಿನ ಹುಡುಗಿಯರಿಗೆ ದೊಡ್ಡವರೆಂದರೆ ಭಯವಿಲ್ಲ ಎಂದು ಗಂಡನ ಮುಂದೆ ಒಂದು ತಾಸು ಮಾತಾಡಿದೆ. ಉತ್ತರ ಇಲ್ಲದಿದ್ದಾಗ ನಾನು ಉದ್ದುದ್ದ ಮಾತಾಡುತ್ತೇನೆ.

ಆಮೇಲೆ ಲಾಕ್‌ಡೌನ್. ಬಾಗಿಲು ಮುಚ್ಚಿದವು, ಫೋನುಗಳು ತೆರೆದವು. ಬಾಗಿಲು ಮತ್ತೆ ತೆರೆದಾಗ ಗೊಬ್ಬೂರದಲ್ಲಿ ಬಂದವರು ಏಳು ಮಂದಿ, ಎಲ್ಲರೂ ಅರವತ್ತು ದಾಟಿದವರು. ಕೀಬೋರ್ಡು ನುಡಿಸುತ್ತಿದ್ದ ಹುಡುಗಿ ಮದುವೆಯಾಗಿ ಜೇವರ್ಗಿಗೆ ಹೋಗಿದ್ದಳು. ಕೀಬೋರ್ಡಿಗೆ ಬಟ್ಟೆ ಹೊದಿಸಿಟ್ಟೆವು. ಪಾಸ್ಟರುಗಳೂ ಕಡಿಮೆಯಾಗಿದ್ದರು. ಆಳಂದದಿಂದ ಜೇವರ್ಗಿಯವರೆಗೆ ಐದು ಸಭೆಗಳಿಗೆ ಒಬ್ಬರೇ, ಅದೂ ಮೋಟರ್ ಸೈಕಲ್ಲಿನ ಮೇಲೆ. ಕಮಿಟಿಯಲ್ಲಿ ಮಾತು ಬಂತು: ಗೊಬ್ಬೂರದ ಚರ್ಚಿಗೆ ಬೀಗ ಹಾಕಿ, ಆ ಏಳು ಮಂದಿಯನ್ನು ಅಫಜಲಪುರಕ್ಕೆ ಬರಹೇಳೋಣ. ಠರಾವು ಬರೆದವಳು ನಾನೇ. ‘ಸಭಿಕರ ಅನುಕೂಲದ ದೃಷ್ಟಿಯಿಂದ’ ಎಂದು ಚೆಂದದ ಅಕ್ಷರದಲ್ಲಿ ಬರೆದೆ. ಸಹಿ ಮುಂದಿನ ಕಮಿಟಿಯಲ್ಲಿ ಎಂದಾಯಿತು.

ಅಷ್ಟರಲ್ಲಿ, ತೊಗರಿ ರಾಶಿಯ ದಿನಗಳಲ್ಲಿ, ಯೇಸಪ್ಪ ಕಾಕಾ ತೀರಿಕೊಂಡರು.

ಬೆಳಿಗ್ಗೆ ಸುದ್ದಿ ಬಂದಾಗ ಪಾಸ್ಟರು ಆಳಂದದ ಕಡೆ ಒಂದು ಮದುವೆ ನಡೆಸಲು ಹೊರಟಿದ್ದರು. “ನಾ ಮುಗಿಸಿ ಬರೂತನ ತಡ ಆಗ್ತದ್ರಿ. ನೀವು ಹಾಡು, ಪ್ರಾರ್ಥನಿ ಶುರು ಮಾಡ್ರಿ. ಮಣ್ಣಿನ ಹೊತ್ತಿಗಿ ಬಂದ್ಬಿಡ್ತೇನಿ,” ಎಂದು ಫೋನಿನಲ್ಲಿ ಹೇಳಿದರು. ನಾನು ಬಸ್ಸು ಹಿಡಿದು ಹೋದೆ.

ಕಾಕಾನ ಅಂಗಳದಲ್ಲಿ ಪೆಟ್ಟಿಗೆ ಇಟ್ಟಿತ್ತು. ನಮ್ಮ ಸಭೆಯ ಏಳು ಜನರಲ್ಲಿ ಈಗ ಉಳಿದವರು ಆರು. ಅದರಲ್ಲಿ ಒಬ್ಬರಿಗೆ ಪಾರ್ಶ್ವವಾಯು, ಇಬ್ಬರು ಕೋಲು ಹಿಡಿದವರು. ಸಮಾಧಿಯ ಜಾಗ ಊರಾಚೆ, ಒಂದು ಮೈಲಿ. ಹೊರುವವರು ಯಾರು ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದಾಗ ಒಂದು ಟಂಟಂ ಗಾಡಿ ಬಂದು ನಿಂತಿತು. ಅದರಿಂದ ಇಳಿದವರು ಅಂಗಡಿ ಮಾಳಿಗೆಯ ಸಭೆಯ ಹರೆಯದವರು, ಎಂಟೊಂಬತ್ತು ಜನ. ನಾನು ಯಾರ ಬಗ್ಗೆ ಇಷ್ಟು ವರ್ಷ ಮೂಗು ಮುರಿದಿದ್ದೆನೋ ಅವರೇ. ಅವರಲ್ಲಿ ಇಬ್ಬರು ಬೆಳಕು ಹರಿಯುತ್ತಲೇ ಬಂದು ಕುಣಿ ತೋಡಿಸಿದ್ದರೆಂದು ಆಮೇಲೆ ತಿಳಿಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಚಪ್ಪಲಿ ಬಿಟ್ಟು ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟರು.

ಕುಣಿಯ ಬಳಿ ಪೆಟ್ಟಿಗೆ ಇಳಿಸಿದ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಕೀರ್ತನೆ ಪುಸ್ತಕ ತೆರೆದೆ. ಕನ್ನಡಕ ಮನೆಯಲ್ಲಿ ಉಳಿದಿತ್ತು. ಫೋನು ತೆರೆದೆ. ಹಾಡು ಬರಲು ನೆಟ್‌ವರ್ಕ್ ಇರಲಿಲ್ಲ. ಬಾಯಿಂದಲೇ ಹಾಡೋಣವೆಂದರೆ, ಗೋಡೆಯ ಮೇಲೆ ಮೂಡುವ ಸಾಲುಗಳನ್ನು ಓದಿ ಓದಿ ನನಗೆ ಒಂದು ಹಾಡೂ ಕೊನೆಯವರೆಗೆ ಬಾಯಿಗೆ ಬರುತ್ತಿರಲಿಲ್ಲ. ನಮ್ಮ ಹಿರಿಯರು ಕಾಕಾನ ಹಿಂದೆ ದನಿಗೂಡಿಸಿದವರೇ ಹೊರತು ತಾವಾಗಿ ಎತ್ತಿ ಹಾಡಿದವರಲ್ಲ. ಆ ಹುಡುಗರ ಸ್ಥಿತಿಯೂ ನನ್ನದೇ. ಒಬ್ಬ ಶುರು ಮಾಡಿದ, ಎರಡನೇ ಸಾಲಿಗೆ ನಿಂತ. ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ನಾವು ಇಪ್ಪತ್ತು ಮಂದಿ ಕ್ರೈಸ್ತರು ಸುಮ್ಮನೆ ನಿಂತಿದ್ದೆವು. ಐವತ್ತು ವರ್ಷ ಹಾಡಿದ ಮನುಷ್ಯನನ್ನು ಒಂದು ಹಾಡಿಲ್ಲದೆ ಮಣ್ಣಿಗೆ ಇಡುವ ಹೊತ್ತು ಬಂದಿತ್ತು.

ಆಗ ಹಿಂದಿನಿಂದ ಏಕತಾರಿಯ ತಂತಿ ಮಿಡಿಯಿತು.

ತಿರುಗಿ ನೋಡಿದರೆ ಶರಣಪ್ಪನವರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಊರಿನ ಭಜನಾ ಮೇಳದ ಹಿರಿಯರು, ಕಾಕಾ ಕೂಲಿಗೆ ಹೋಗುತ್ತಿದ್ದ ಹೊಲದ ಮಾಲಕರು. ಕೈಯಲ್ಲಿದ್ದದ್ದು ಕಾಕಾನದೇ ಏಕತಾರಿ. ಅವರು ನಮ್ಮಲ್ಲಿ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕಣ್ಣು ಮುಚ್ಚಿ ಹಾಡಿದರು:

“ಹೊಳಿ ದಾಟಿಸೊ ಯೇಸುಸ್ವಾಮಿ,
ಹರಗೋಲು ಹಳೇದಾತೋ.
ದಂಡಿ ಕಾಣದು ಕಣ್ಣಿಗಿ, ನಿನ್ನ
ದನಿಯೊಂದು ಕೇಳತಾದೋ.”

ಒಂದು ನುಡಿಯಲ್ಲ, ಐದೂ ನುಡಿ. ಎಲ್ಲೂ ತಡವರಿಸಲಿಲ್ಲ. ಮೂರನೇ ನುಡಿಗೆ ರೋಶನಿ ದನಿ ಸೇರಿಸಿದಳು. ಚಿಕ್ಕವಳಿದ್ದಾಗ ಅಜ್ಜನ ತೊಡೆಯ ಮೇಲೆ ಕೇಳಿದ್ದು ಆಕೆಗೆ ನೆನಪಾಗಿರಬೇಕು. ಅರ್ಧಕ್ಕೇ ಅಳು ಬಂದು ನಿಂತಳು. ಶರಣಪ್ಪನವರು ಆಕೆಗಾಗಿ ಅದೇ ಸಾಲನ್ನು ಇನ್ನೊಮ್ಮೆ ಹಾಡಿದರು. ಪಾಸ್ಟರು ಧೂಳು ಹೊತ್ತು ಬಂದಾಗ ಹಾಡು ಇನ್ನೂ ನಡೆದಿತ್ತು. ಹೆಲ್ಮೆಟ್ಟನ್ನು ಕೈಯಲ್ಲೇ ಹಿಡಿದು ಅವರೂ ನಿಂತು ಕೇಳಿದರು.

ಮಣ್ಣಾದ ಮೇಲೆ ನಾನು ಶರಣಪ್ಪನವರ ಬಳಿ ಹೋದೆ. “ನಿಮಗ ನಮ್ಮ ಪದ ಹ್ಯಾಂಗ ಬಂದ್ವು ಗೌಡ್ರೇ?”

“ನಿಮ್ಮವೇನ್ರಿ ಅವು?” ಎಂದರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದ್ದು. “ನಲವತ್ತ ವರ್ಷ ನಮ್ಮ ಹೊಲದ ಕಟ್ಟಿ ಮ್ಯಾಲ ಇಬ್ಬರೂ ಕುಂತು ಹಾಡೇವ್ರಿ. ಅವ ನಮ್ಮ ವಚನ ಹಾಡ್ತಿದ್ದ, ನಾ ಅವನ ಪದ ಹಾಡ್ತಿದ್ದೆ. ಮೊದಮೊದ್ಲು ಅವ ಕಟ್ಟಿ ಕೆಳಗ ಕುಂಡ್ರತಿದ್ದ. ಯಾವಾಗ ಮ್ಯಾಲ ಬಂದನೋ ನೆನಪಿಲ್ಲ. ನಾನ ಕರೀಬೇಕಿತ್ತು, ಕರೀಲಿಲ್ಲ. ಅವನ ಬಂದ. ನಿಮ್ಮ ಗುಡ್ಯಾಗ ಹಾಡೂದು ನಿಂತ ಮ್ಯಾಲ ದಿನಾ ಬರ್ತಿದ್ದ.”

ಕೇಳಲೇಬೇಕಾಯಿತು. “ನನ್ನ ಬಗ್ಗೆ ಏನರ ಅಂತಿದ್ರೇನ್ರಿ?”

ಶರಣಪ್ಪನವರು ಏಕತಾರಿಯನ್ನು ಬಗಲಿಗೆ ಸೇರಿಸಿದರು. “ಸುಳ್ಳ ಹೇಳೂದಿಲ್ರಿ. ಬ್ಯಾಸರ ಮಾಡ್ಕೊಂಡಿದ್ದ. ಖರೇ, ಬಾಯಿಗಿ ಕೆಟ್ಟದ್ದು ಅನ್ನಲಿಲ್ಲ. ಬಾಯಿ ಅಂಜ್ಯಾಳ, ಮಂದಿ ಹೋಗ್ತಾರಂತ ಅಂಜ್ಯಾಳ ಅಂತಿದ್ದ.”

ಅಂದು ಬಸ್ಸಿನಲ್ಲಿ ಹಿಂತಿರುಗುವಾಗ ಕಿಟಕಿಗೆ ಮುಖ ಮಾಡಿಕೊಂಡು ಕುಳಿತೆ. ಕ್ಷಮೆ ಕೇಳಬೇಕಾದವರು ಹೋದ ಮೇಲೆ ಆ ಮಾತನ್ನು ಎಲ್ಲಿ ಇಡುವುದು? ನರ್ಸಾಗಿ ಎಷ್ಟೋ ಸಾವು ನೋಡಿದ್ದೇನೆ. ಯಾವ ಸಾವೂ ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ.

ಮುಂದಿನ ಕಮಿಟಿಯಲ್ಲಿ ಠರಾವಿನ ಪುಸ್ತಕ ನನ್ನ ಮುಂದೆ ಬಂತು. ನಾನು ಬರೆದದ್ದನ್ನು ನಾನೇ ಹೊಡೆದುಹಾಕಲು ಒಪ್ಪಿಗೆ ಕೇಳಿದೆ. ಹಿರಿಯರೊಬ್ಬರಿಗೆ ಸಿಟ್ಟು ಬಂತು. ಪಾಸ್ಟರು ಮಾತ್ರ ಸಮಾಧಾನದಿಂದ, “ನಾ ತಿಂಗಳಿಗಿ ಒಂದ ಸಲ ಬರಬಹುದ್ರಿ ಸಿಸ್ಟರ್. ಉಳಿದ ವಾರ ಯಾರ ನಡಸ್ತಾರ?” ಎಂದರು. “ನಾ ನಡಸ್ತೇನಿ,” ಎಂದುಬಿಟ್ಟೆ. ಪ್ರಸಂಗ ಹೇಳುವುದಿರಲಿ, ನನಗೆ ಶ್ರುತಿಯೇ ತಿಳಿಯದು.

ನಾನು ರೋಶನಿಯ ಮನೆಗೆ ಹೋದೆ. ಬೇಡಿಕೊಳ್ಳುವ ಅಭ್ಯಾಸವಿಲ್ಲದವಳು, ಗೊಬ್ಬೂರದಲ್ಲಿ ಹಾಡಲು ಬರುತ್ತೀಯಾ ಎಂದು ನೇರವಾಗಿ ಕೇಳಿದೆ. ಆಕೆ, “ಮುಂಜಾನಿ ಅಲ್ಲಿ ಹಾಡ್ತೇನ್ರಿ ಆಂಟಿ, ಮಧ್ಯಾಹ್ನ ಗೊಬ್ಬೂರಕ್ಕ ಬರ್ತೇನಿ. ಆ ಸಭಿ ಬಿಡು ಅಂತ ಅನಬ್ಯಾಡ್ರಿ. ಅಂದ್ರ ಬರಂಗಿಲ್ಲ,” ಎಂದಳು. ಹಿಂದಿನ ನಾನಾಗಿದ್ದರೆ ಆಕೆಗೆ ಎರಡು ದೋಣಿಯ ಕಾಲಿನ ಗಾದೆ ಹೇಳುತ್ತಿದ್ದೆ. ಈ ಸಲ, “ಅನ್ನಂಗಿಲ್ಲ ಮಗಳ,” ಎಂದೆ.

ಈಗ ಗೊಬ್ಬೂರದಲ್ಲಿ ಆರಾಧನೆ ಮಧ್ಯಾಹ್ನ ಮೂರಕ್ಕೆ. ಶರಣಪ್ಪನವರು ವಾರಕ್ಕೊಂದು ದಿನ ರೋಶನಿಗೆ ಪದ ಕಲಿಸುತ್ತಾರೆ. ಆಕೆ ಅವನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಹನ್ನೊಂದು ಪದ ಆಗಿವೆ. ಉಳಿದವು ಅವರಿಗೂ ಪೂರ್ತಿ ನೆನಪಿಲ್ಲ, ಕೆಲವಂತೂ ಕಾಕಾನ ಜೊತೆಗೇ ಹೋದವು. ಯಾರು ಬರಲಿಲ್ಲವೋ ಅವರ ಮನೆಗೆ ಅದೇ ಸಂಜೆ ಹೋಗಿ, ಯಾಕೆ ಬರಲಿಲ್ಲ ಎಂದು ಕೇಳುವ ಕೆಲಸ ನನ್ನದು. ಮೊಣಕಾಲು ನೋಯುತ್ತದೆ. ರೊಟ್ಟಿ ಸುಟ್ಟ ಆ ಭಾನುವಾರ ಬಿಟ್ಟರೆ ತಪ್ಪಿಸಿಲ್ಲ.

ಇದನ್ನು ಓದಿ, ಹಾಗಾದರೆ ನಿಮ್ಮ ಸಭೆ ಬೆಳೆಯಿತೆಂದು ನೀವು ತಿಳಿಯಬಾರದು. ಕಾಕಾನ ನಂತರ ಇನ್ನೂ ಇಬ್ಬರನ್ನು ಮಣ್ಣು ಮಾಡಿದ್ದೇವೆ. ಹೊಸದಾಗಿ ಬಂದವರು ರೋಶನಿ, ಆಕೆಯ ಜೊತೆ ಒಬ್ಬಳು ಗೆಳತಿ. ಲೆಕ್ಕ ಹಾಕಿದರೆ ಮೊದಲಿಗಿಂತ ಒಂದು ತಲೆಯೂ ಹೆಚ್ಚಿಲ್ಲ.

ಹೋದ ವಾರ ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ನಾವಿಬ್ಬರೇ ಚಾಪೆ ಝಾಡಿಸುತ್ತಿದ್ದೆವು. ರೋಶನಿ ಇದ್ದಕ್ಕಿದ್ದಂತೆ ಕೇಳಿದಳು: “ಖರೇ ಹೇಳ್ರಿ ಆಂಟಿ. ಇನ್ನ ಹತ್ತ ವರ್ಷಕ್ಕ ಇಲ್ಲಿ ಯಾರರ ಇರ್ತಾರೇನು?”

ಕಮಿಟಿಯಲ್ಲಾದರೆ ಇದಕ್ಕೆ ನಾನು ಒಂದು ಪುಟ ಬರೆಯುತ್ತಿದ್ದೆ. ಆಕೆಯ ಮುಖ ನೋಡಿದೆ. ಅಲ್ಲಿದ್ದದ್ದು ಅನುಮಾನವಲ್ಲ, ಅಂಜಿಕೆ. ಅದು ನನಗೆ ಚೆನ್ನಾಗಿ ಪರಿಚಯವಿದ್ದ ಅಂಜಿಕೆ.

“ಗೊತ್ತಿಲ್ಲ ಮಗಳ,” ಎಂದೆ. “ನೀ ಆ ತುದಿ ಹಿಡಿ.”

ಆಕೆ ಹಿಡಿದಳು. ಇಬ್ಬರೂ ಸೇರಿ ಚಾಪೆ ಮಡಚಿದೆವು.