ಮಂಜಿಗೆ ಮಣಿಯದ ಗಿಡ

ಮೊನ್ನೆ ಮಗಳ ಮನೆಯ ಅಂಗಳದಲ್ಲಿ ಟೊಮೇಟೊ ಗಿಡದ ಚಿಗುರು ಚಿವುಟಿದೆ. ಬೆರಳಿಗೆ ಹಸಿರು ಅಂಟಿಕೊಂಡು, ಆ ಘಾಟು ಮೂಗಿಗೆ ಬಡಿಯಿತು. ಗಂಡನ ಊರಿನ ಎದುರುಮನೆಯ ಅಕ್ಕ ಕಣ್ಣೆದುರು ಬಂದು ನಿಂತಳು...

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಾಳವಾಡಿ ಬೆಟ್ಟದ ಹಳ್ಳಿಗೆ ಸೊಸೆಯಾಗಿ ಹೋದಾಗ ಅಲ್ಲಿ ಟೊಮೇಟೊ ಬೆಳೆ ಇನ್ನೂ ಹೊಸದು. ಸತ್ಯಮಂಗಲದ ಅಂಗಡಿಯಿಂದ ತಂದ ಬೀಜ, ಬಿಸಿಲುನಾಡಿನ ತಳಿ. ಹಣ್ಣು ದಪ್ಪ, ನುಣುಪು. ಆ ವರ್ಷ ಆಷಾಢದಲ್ಲಿ ದಿಂಬಂ ಘಾಟಿಯ ಕಡೆಯಿಂದ ಏರಿದ ಮಂಜು ವಾರಗಟ್ಟಲೆ ಕರಗಲಿಲ್ಲ. ಜಿಟಿಜಿಟಿ ಮಳೆ ಬೇರೆ. ಎಲೆಗಳ ಮೇಲೆ ಕಪ್ಪು ಚುಕ್ಕೆ ಬಿತ್ತು. ನೋಡನೋಡುತ್ತಲೇ ಹೊಲಗಳೆಲ್ಲ ಸುಟ್ಟಂತಾದವು.

ಒಂದು ಬೆಳಿಗ್ಗೆ ಅಕ್ಕ ಸೀರೆ ಎತ್ತಿಕಟ್ಟಿ ತನ್ನ ಹೊಲದ ಗಿಡಗಳನ್ನು ಕೀಳುತ್ತಿದ್ದಳು. ಕಾಯಿ ಹೊತ್ತವನ್ನೂ ಬಿಡಲಿಲ್ಲ. ಅವಳ ಗಂಡ, ನಾನು ಭಾವ ಎನ್ನುತ್ತಿದ್ದವರು, ಓಡಿಬಂದರು.

“ಮಾರಾಕಾಗೋ ಕಾಯಿ ಇನ್ನೂ ಅವ, ತಲ ಕೆಟ್ಟದಾ ನಿಂಗ?”

ಅಕ್ಕ ಮೂಲೆಯ ಗಿಡವೊಂದನ್ನು ತೋರಿಸಿದಳು. ಅದೊಂದೇ ಹಸಿರಾಗಿತ್ತು.

“ಇದೊಂದ ಉಳ್ಕಂಡದ ನೋಡಿ. ಸುತ್ತ ಕೊಳ್ತೋದವ ಬುಟ್ರ ಇದೂ ಓಯ್ತದ.”

ಭಾವ ಕೂಗಾಡಿದರು. ಅವಳ ಕೈ ನಿಲ್ಲಲಿಲ್ಲ. ಸಂಜೆಗೆ ಬೋಳು ಹೊಲದಲ್ಲಿ ಆ ಒಂಟಿ ಗಿಡ ನಿಂತಿತ್ತು. ಭಾವ ಅವಳೊಂದಿಗೆ ಮಾತು ಬಿಟ್ಟರು.

ಅದರ ಹಣ್ಣು ಸಣ್ಣದು, ತೊಳೆ ತೊಳೆಯಾಗಿ ಉಬ್ಬಿದ್ದು. ಸಾರಿಗೆ ಎರಡು ಕೊಡು ಎಂದರೆ, “ಒಂದೂವಿ ತಿನ್ನಂಗಿಲ್ಲ ಕಣವ್ವ, ಎಲ್ಲಾ ಬಿತ್ನಕ್ಕೇ” ಎಂದಳು. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿದಳು. ಮುಂದಿನ ಮಳೆಗಾಲದಲ್ಲೂ ಚುಕ್ಕೆ ಬಿದ್ದ ಗಿಡಗಳನ್ನು ಕಿತ್ತೆಸೆದು, ತಡೆದುಕೊಂಡವನ್ನಷ್ಟೇ ಬೀಜಕ್ಕೆ ಬಿಟ್ಟಳು.

ಅದರ ಮರುವರ್ಷ ಮಂಜು ಮತ್ತೆ ಹಿಡಿದುಕೊಂಡಿತು. ಊರವರ ಟೊಮೇಟೊ ಎಲ್ಲ ಕೊಳೆಯಿತು. ನಾನು ಅಕ್ಕನ ಹೊಲಕ್ಕೆ ಹೋದೆ. ಬೆಳ್ಳನೆಯ ಮಂಜಿನಲ್ಲಿ ಮೊದಲು ಏನೂ ಕಾಣಲಿಲ್ಲ. ಹತ್ತಿರವಾದಂತೆ ಒಂದು ಕೆಂಪು, ಅದರಾಚೆ ಇನ್ನೊಂದು... ನೀರು ತೊಟ್ಟಿಕ್ಕುವ ಹಸಿರೆಲೆಗಳ ನಡುವೆ ಸಾಲಿಗೆ ಸಾಲೇ ಕೆಂಪು! ತಲೆಯ ಟವೆಲ್ಲನ್ನು ಕೈಗೆ ತೆಗೆದುಕೊಂಡು ಭಾವ ಗುಡಿಯೊಳಗೆ ನಿಂತಂತೆ ನಿಂತಿದ್ದರು.

“ಗೆದ್ಬುಟ್ಟ ಕಣಮ್ಮಿ” ಎಂದರು. ಎರಡು ಮಳೆಗಾಲದ ಮೇಲೆ ಅವರು ಅವಳಿಗೆ ಆಡಿದ ಮೊದಲ ಮಾತು.

ಅಕ್ಕ ನಕ್ಕಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಮಳೆ ನೀರೋ, ಕಣ್ಣೀರೋ... ಆಮೇಲೆ ಪ್ರತಿವರ್ಷ ಕೇಳಿದವರ ಸೆರಗಿಗೆಲ್ಲ ಆ ಬೀಜ ಸುರಿದಳು.

ಅವಳು ಕಾಮಾಲೆಯಿಂದ ತೀರಿಕೊಂಡು ಎಷ್ಟೋ ವರ್ಷಗಳಾದವು. ಈಚೆಗೆ ಊರಿಗೆ ಹೋದಾಗ ಮನೆಮನೆಯಲ್ಲಿ ಆ ಬೀಜಕ್ಕಾಗಿ ವಿಚಾರಿಸಿದೆ. ಆ ಹಣ್ಣಿನ ಹುಳಿ ಎಲ್ಲರಿಗೂ ನೆನಪಿದೆ. ಬೀಜ ಯಾರಲ್ಲೂ ಇಲ್ಲ. ವರ್ಷವರ್ಷವೂ ಅಕ್ಕನೇ ಕೊಡುತ್ತಿದ್ದಳಲ್ಲ, ಎತ್ತಿಡಬೇಕೆಂದು ನಮಗ್ಯಾರಿಗೂ ತೋಚಿರಲಿಲ್ಲ.